ಮನೆಯೊಳಗಿನ ಮೀನುಗೊಳ

ಮುಂಡಗೋಡ ತಾಲೂಕಿನ ಚಿಗಳ್ಳಿಯಂತಹ ಗ್ರಾಮದಲ್ಲಿ ನೀರೂ ಮೀನೂ ಮಕ್ಕಳಿಗೆ ಹೊಸ ವಸ್ತುಗಳಲ್ಲ. ಆದರೂ ಮನೆಯ ಪಡಸಾಲೆಯಲ್ಲಿಯೇ ಒಂದು ಮೀನುತೊಟ್ಟಿ ಇರಬೇಕೆಂದು ಅವರು ಬಯಸಿದರೆ ಅದು ತಪ್ಪಲ್ಲ. ಗಾಜಿನ ತೊಟ್ಟಿಯನ್ನು ಪೇಟೆಯಿಂದ ಒಡೆಯದಂತೆ ತರುವುದು ಕಷ್ಟ. ಆದುದರಿಂದ ಅಕ್ರಿಲಿಕ್ ಹಲಗೆಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ವಿಧಾನವನ್ನು ಈ ತಿಂಗಳು ನಮ್ಮ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

ಮೀನಿನ ವಿನೋದವು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ, ಮೀನುಗಳ ಜಾತಿಭೇದವನ್ನೂ ಅವುಗಳ ಆಹಾರವನ್ನೂ ಅಲ್ಲಿ ಹೇಳಿದೆ. ಪಾರದರ್ಶಕವಾದ ತೊಟ್ಟಿಯಲ್ಲಿ ಮೀನನ್ನಿಟ್ಟು ಸಾರ್ವಜನಿಕರಿಗೆ ತೋರಿಸುವ ಮತ್ಸ್ಯಾಲಯವು 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆಯಿತು. ಅಕ್ರಿಲಿಕ್ ಹಲಗೆಯಾದರೋ 1930ರ ದಶಕದ ಸೃಷ್ಟಿ. ಎರಡನೆಯ ಮಹಾಯುದ್ಧದಲ್ಲಿ ಅದು ವಿಮಾನಗಳ ಕಿಟಕಿಗಳಿಗೆ ಒದಗಿತು. ಗಾಜಿನ ಅರ್ಧದಷ್ಟೂ ತೂಕವಿಲ್ಲ. ಪೆಟ್ಟಿಗೆ ಸುಲಭವಾಗಿ ಒಡೆಯದು. ನೂರಕ್ಕೆ ಸುಮಾರು 92 ಪಾಲು ಬೆಳಕನ್ನು ಒಳಗೆ ಬಿಡುವುದು. ಆದರೆ ಗೀರು ಬೇಗ ಬೀಳುವುದೊಂದು ದೋಷ.

ಅಳತೆಯ ವಿಚಾರವೇ ಇಲ್ಲಿ ಮುಖ್ಯವಾದುದು. ಕೆರೆಯ ಏರಿಯನ್ನು ಬುಡದಲ್ಲಿ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಏಕೆ ಕಟ್ಟುವರೆಂಬುದನ್ನು ನಮ್ಮ ರೈತರೆಲ್ಲರೂ ಬಲ್ಲರು. ನೀರಿನ ಒತ್ತಡವು ಆಳದೊಡನೆ ಬೆಳೆಯುವುದು. 60 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ 27 ಸೆಂಟಿಮೀಟರ್ ನೀರು ನಿಂತರೆ ಮುಂದಣ ಗೋಡೆಯ ಮೇಲೆ ಸುಮಾರು 21 ಕಿಲೋ ಭಾರದಷ್ಟು ನೂಕು ಬೀಳುವುದು. ಆಳವನ್ನು ಇಮ್ಮಡಿಸಿದರೆ ನೂಕು ನಾಲ್ಮಡಿಯಾಗಿ 85 ಕಿಲೋ ಮುಟ್ಟುವುದು. ಮೀನಿಗೆ ಬೇಕಾದ ಪ್ರಾಣವಾಯುವು ನೀರಿನ ಮೇಲ್ಮೈಯಿಂದ ಇಳಿಯತಕ್ಕದ್ದಾದುದರಿಂದ ಆಳಕ್ಕಿಂತ ಅಗಲವೇ ಮೀನಿಗೂ ಹಿತಕರ. ಹೀಗೆ ಗೋಡೆಗೂ ಮೀನಿಗೂ ಒಪ್ಪುವ ನ್ಯಾಯವೊಂದೇ: ತೊಟ್ಟಿಯು ಎತ್ತರವಾಗಿರಕೂಡದು.

60×30 ಸೆಂಟಿಮೀಟರಿನ ತಳ, 60×30ರ ಎರಡು ಉದ್ದ ಗೋಡೆ, ಅವುಗಳ ನಡುವೆ ಕೂರುವ 28.8×30ರ ಎರಡು ಪಕ್ಕದ ಗೋಡೆ — ಇವೆಲ್ಲವೂ 6 ಮಿಲಿಮೀಟರ್ ದಪ್ಪದ, ಅಚ್ಚಿನಲ್ಲಿ ಎರೆದ ಹಲಗೆಗಳಾಗಿರಲಿ. ಮೇಲ್ಗಡೆ ಗೋಡೆಗಳು ಹೊರಕ್ಕೆ ಬಾಗದಂತೆ, ನಡುವೆ ತೆರವುಳ್ಳ ಒಂದು ಹಲಗೆಯನ್ನು ಚೌಕಟ್ಟಿನಂತೆ ಕೂರಿಸತಕ್ಕದ್ದು. ತೆರವಿನ ಮೂಲೆಗಳು ದುಂಡಗಿರಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುವುದು. ಅಂಚುಗಳನ್ನು ನೇರವಾಗಿ ಉಜ್ಜಿ ಸಮಮಾಡುವ ಕೆಲಸದಲ್ಲಿ ಅವಸರ ಸಲ್ಲದು. ಹಲಗೆಯ ಮೇಲಣ ರಕ್ಷಾಕಾಗದವನ್ನು ಅಂಚುಗಳಲ್ಲಿ ಮಾತ್ರ ತೆಗೆದು, ಉಳಿದುದನ್ನು ಕೊನೆಯವರೆಗೂ ಬಿಡುವುದು ಲೇಸು.

ಗಾಜಿಗೆ ಬಳಸುವ ಸಿಲಿಕೋನ್ ಅಂಟು ಅಕ್ರಿಲಿಕ್ಕನ್ನು ದೃಢವಾಗಿ ಹಿಡಿಯದು. ಇದಕ್ಕೆ ಡೈಕ್ಲೋರೋಮೀಥೇನ್ ಎಂಬ ದ್ರವವು ಬೇಕು. ಅಂಚುಗಳನ್ನು ತಾಗಿಸಿ ನಿಲ್ಲಿಸಿ, ಸೂಜಿಯ ಮೂಲಕ ಸಂದಿಗೆ ಹನಿಸಿದರೆ ಅದು ತಾನಾಗಿಯೇ ಸಂದಿನುದ್ದಕ್ಕೂ ಹರಿದು, ಎರಡು ಹಲಗೆಗಳನ್ನೂ ಕರಗಿಸಿ ಒಂದಾಗಿ ಬೆಸೆಯುವುದು. ಸಂದಿ ಬಿರಿದಿದ್ದರೆ ಅದನ್ನು ತುಂಬುವ ಶಕ್ತಿ ಇದಕ್ಕಿಲ್ಲ.

ಇಲ್ಲಿ ನಮ್ಮ ಮಾತನ್ನು ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ಈ ದ್ರವದ ಆವಿಯು ಗಾಳಿಗಿಂತ ಭಾರವಾದುದು. ಮುಚ್ಚಿದ ಕೋಣೆಯಲ್ಲಿ ನೆಲದ ಮೇಲೆ ಕೂಡಿಕೊಳ್ಳುವುದು. ಉಸಿರಿನೊಡನೆ ದೇಹವನ್ನು ಸೇರಿದರೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವನ್ನುಂಟುಮಾಡುವುದು, ಪ್ರಾಣಹಾನಿಯೂ ಆಗಬಹುದು. ಒಲೆಯ ಉರಿ ತಗುಲಿದರೆ ಮತ್ತೂ ಘೋರವಾದ ವಿಷವಾಯುಗಳು ಹುಟ್ಟುವುವು. ಆದುದರಿಂದ ಈ ಕೆಲಸವನ್ನು ಗಾಳಿಯಾಡುವ ಅಂಗಳದಲ್ಲಿ ಹಿರಿಯರೇ ಮಾಡತಕ್ಕದ್ದು. ನೆಲದ ಮೇಲೆ ಆಡುವ ಕೂಸುಗಳು ಹತ್ತಿರ ಸುಳಿಯಕೂಡದು.

ಬೆಸೆದ ತೊಟ್ಟಿಯನ್ನು ಕೆಲವು ದಿನ ಒಣಗಗೊಟ್ಟು, ಅಂಗಳದಲ್ಲಿಯೇ ನೀರು ತುಂಬಿ ಒಂದು ವಾರ ಪರೀಕ್ಷಿಸಬೇಕು. ಅದರೊಳಗಣ ನೀರೇ ಸುಮಾರು 45 ಕಿಲೋ ತೂಗುವುದರಿಂದ ಪೀಠವು ಅಲುಗಾಡದೆ, ಇಡೀ ತಳಕ್ಕೆ ಸಮನಾಗಿ ಆಧಾರವಾಗಿರಬೇಕು. ತುಂಬಿದ ತೊಟ್ಟಿಯನ್ನು ಎತ್ತುವ ಸಾಹಸ ಬೇಡ.

ಅಮರಕೋಶವು ನೀರಿಗೆ ‘ಜೀವನ’ವೆಂದೂ ಮೀನಿಗೆ ‘ಅನಿಮಿಷ’ವೆಂದೂ ಹೆಸರಿಟ್ಟಿದೆ. ಎರಡೂ ಹೆಸರುಗಳಲ್ಲಿ ಉಪದೇಶವುಂಟು. ರೆಪ್ಪೆ ಮುಚ್ಚಲಾರದ ಪ್ರಾಣಿಗೆ ರಾತ್ರಿಯ ಕತ್ತಲೆಯನ್ನು ನಾವೇ ಒದಗಿಸಬೇಕು, ದೀಪವನ್ನು ಆರಿಸಬೇಕು. ಇನ್ನು ತಿಳಿಯಾಗಿ ಕಂಡ ಮಾತ್ರಕ್ಕೆ ಹೊಸ ನೀರು ‘ಜೀವನ’ವಾಗದು. ನಲ್ಲಿಯ ನೀರಿನಲ್ಲಿ ಕ್ಲೋರೀನು ಇದ್ದರೆ ಅದು ಮೀನಿನ ಕಿವಿರುಗಳನ್ನು ಸುಡುವುದು. ಮೀನಿನ ಮಲದಿಂದ ಹುಟ್ಟುವ ಅಮೋನಿಯವೂ ವಿಷವೇ. ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಗೊಳ್ಳಲು ಕೆಲವು ವಾರಗಳು ಹಿಡಿಯುವುವು. ಅದುವರೆಗೆ ಎರಡು ಮೂರು ಸಣ್ಣ ಮೀನುಗಳೇ ಸಾಕು. ವಾರಕ್ಕೊಮ್ಮೆ ಕಾಲು ಪಾಲು ನೀರನ್ನು ಬದಲಿಸುತ್ತಿರಬೇಕು. ಎಲ್ಲವನ್ನೂ ಒಮ್ಮೆಗೇ ಚೆಲ್ಲಬಾರದು.

ಆಟ ಬೇಸರವಾದಾಗ ಪರದೇಶದ ಮೀನುಗಳನ್ನು ಹಳ್ಳಕ್ಕೋ ಕೆರೆಗೋ ಬಿಡುವುದು ದಯೆಯಲ್ಲ. ಅತ್ತಿವೇರಿಯ ಜಲಾಶಯಕ್ಕೆ ಹಕ್ಕಿಗಳನ್ನು ಕರೆತರುವ ನೀರಿನಲ್ಲಿ ನಾಡಿನ ಮೀನುಗಳ ಸಂಸಾರವಿದೆ. ಅದನ್ನು ಕೆಡಿಸುವ ಅಧಿಕಾರ ನಮಗಿಲ್ಲ. ಬೇಡವಾದ ಮೀನನ್ನು ಸಾಕಬಲ್ಲ ಇನ್ನೊಂದು ಮನೆಗೆ ಕೊಡಬೇಕು. ತೊಟ್ಟಿಯನ್ನು ಕಟ್ಟುವುದು ಎರಡು ದಿನದ ಕೆಲಸ. ಅದರೊಳಗಣ ಜೀವದ ಹೊಣೆ ವರ್ಷಗಳದು. ಈ ಹೊಣೆಯನ್ನು ಮಕ್ಕಳಿಗೆ ಮೊದಲೇ ತಿಳಿಯಹೇಳಿ, ಅವರು ಒಪ್ಪಿದ ಮೇಲೆಯೇ ಹಲಗೆಗೆ ಗರಗಸ ಹಾಕುವುದು ಉಚಿತವೆಂದು ನಮ್ಮ ಮತ.