ಹಣ್ಣು ಕಳಿಸುವ ದೇಶ, ತಳಿ ಕಟ್ಟುವ ದೇಶ

2010ರ ನವೆಂಬರ್ ತಿಂಗಳಲ್ಲಿ ನ್ಯೂಜಿಲೆಂಡಿನ ಟೆ ಪುಕೆ ಪಟ್ಟಣದ ಬಳಿಯ ಕಿವಿ ಹಣ್ಣಿನ ತೋಟವೊಂದರಲ್ಲಿ ಎಲೆಗಳ ಮೇಲೆ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಪರೀಕ್ಷೆಗೆ ಕಳಿಸಿದಾಗ ಅದು ‘ಪಿಎಸ್‌ಎ’ ಎಂಬ ಬ್ಯಾಕ್ಟೀರಿಯಾ ರೋಗ ಎಂದು ಗೊತ್ತಾಯಿತು. ಅಷ್ಟರಲ್ಲಾಗಲೇ ಇಟಲಿಯ ಕಿವಿ ತೋಟಗಳನ್ನು ಹಾಳುಗೆಡವಿದ್ದ ರೋಗ ಅದು. ಎಲೆಯಲ್ಲಿ ಚುಕ್ಕೆ ಬೀಳುತ್ತದೆ, ಕುಡಿ ಬಾಡುತ್ತದೆ, ಕಾಂಡದಿಂದ ಕೆಂಪು ರಸ ಒಸರತೊಡಗಿದರೆ ಆ ಬಳ್ಳಿಯ ಆಸೆ ಬಿಡಬೇಕು. ಬೆಳೆಗಾರರಿಗೆ ಒಳ್ಳೆಯ ದುಡ್ಡು ತರುತ್ತಿದ್ದ, ಹಳದಿ ತಿರುಳಿನ ‘ಹಾರ್ಟ್16ಎ’ ತಳಿಗೇ ಈ ರೋಗ ಎಲ್ಲಕ್ಕಿಂತ ಜೋರಾಗಿ ತಗುಲಿತು.

ಬೆಳೆಗಾರರು ಗರಗಸ ಹಿಡಿದು, ಕೈಯಾರೆ ಬೆಳೆಸಿದ ಬಳ್ಳಿಗಳನ್ನು ಬುಡಕ್ಕೆ ಕೊಯ್ದು ಹಾಕಿದರು. ಆ ಬುಡಗಳ ಮೇಲೆಯೇ ಇನ್ನೊಂದು ತಳಿಯ ಕಡ್ಡಿ ತಂದು ಕಸಿ ಕಟ್ಟಿದರು. ತಳಿಯ ಹೆಸರು ‘ಗೋಲ್ಡ್3’, ಅಂಗಡಿಯಲ್ಲಿ ಅದೇ ‘ಸನ್‌ಗೋಲ್ಡ್’. ವರ್ಷಗಳ ಕಾಲ ಸರ್ಕಾರಿ ಸಂಶೋಧನಾ ತೋಟದಲ್ಲಿ ಪರೀಕ್ಷೆಗೊಳಗಾಗಿ ಅದೇ 2010ರಲ್ಲಿ ಬೆಳೆಗಾರರಿಗೆ ಬಿಡುಗಡೆಯಾಗಿದ್ದ ತಳಿ ಅದು. ರೋಗ ಅದಕ್ಕೂ ತಾಗುತ್ತದೆ, ಆದರೆ ಬಳ್ಳಿ ತಾಳಿಕೊಂಡು ಫಲ ಕೊಡುತ್ತದೆ. ಅಂದು ಮುಳುಗಿಹೋಗಬಹುದಾಗಿದ್ದ ಉದ್ಯಮದ ಮಾರಾಟ ಸಂಸ್ಥೆ ‘ಝೆಸ್ಪ್ರಿ’ಯ ವಹಿವಾಟು 2024–25ರಲ್ಲಿ 500 ಕೋಟಿ ನ್ಯೂಜಿಲೆಂಡ್ ಡಾಲರ್ ದಾಟಿತು.

ತೋಟಗಾರಿಕೆ ರಫ್ತಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಕೋಲ್ಡ್ ಸ್ಟೋರೇಜ್, ವಿಮಾನದ ಸರಕು ಸಾಗಣೆ, ಡ್ರೋನ್, ಆ್ಯಪ್‌ಗಳ ಸುತ್ತ ಸುತ್ತುತ್ತದೆ. ಅವೆಲ್ಲ ಬೇಕು, ಬೇಡವೆನ್ನುವವರಿಲ್ಲ. ಆದರೆ ಹಣ್ಣಿನ ಬೆಲೆಯ ದೊಡ್ಡ ಪಾಲು ನಿರ್ಧಾರವಾಗುವುದು ಅದು ಪೆಟ್ಟಿಗೆ ಸೇರುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲು, ತಳಿ ಕಟ್ಟುವವರ ತಾಕಿನಲ್ಲಿ. ಆ ತಾಕು ಯಾರದು, ಅದಕ್ಕೆ ದುಡ್ಡು ಹಾಕಿದವರು ಯಾರು, ಲಾಭ ಹಿಂತಿರುಗುವುದು ಯಾರಿಗೆ ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ.

ಅಸಲಿಗೆ ಕಿವಿ ನ್ಯೂಜಿಲೆಂಡಿನ ಹಣ್ಣೇ ಅಲ್ಲ. ಅದರ ತವರು ಚೀನಾ. 1904ರಲ್ಲಿ ಇಸಬೆಲ್ ಫ್ರೇಸರ್ ಎಂಬ ಶಾಲಾ ಮುಖ್ಯೋಪಾಧ್ಯಾಯಿನಿ ಚೀನಾದಿಂದ ಬರುವಾಗ ಬೀಜ ತಂದರು. ಮುಂದೆ ಆಕ್ಲೆಂಡಿನ ಹೇವರ್ಡ್ ರೈಟ್ ಎಂಬ ನರ್ಸರಿಗಾರ ಆರಿಸಿ ಬೆಳೆಸಿದ ಹಸಿರು ತಿರುಳಿನ ತಳಿಗೆ ಅವರ ಹೆಸರೇ ನಿಂತಿತು. 1952ರಲ್ಲಿ ಇಂಗ್ಲೆಂಡಿಗೆ ಮೊದಲ ರಫ್ತು ಹೋಯಿತು, 1959ರಲ್ಲಿ ‘ಕಿವಿ’ ಎಂಬ ಹೆಸರು ಬಂತು. ‘ಹೇವರ್ಡ್’ ತಳಿಯ ಮೇಲೆ ಯಾರ ಹಕ್ಕೂ ಇರಲಿಲ್ಲ. ಇಟಲಿ ಬೆಳೆಯಿತು, ಚಿಲಿ ಬೆಳೆಯಿತು. ಎಲ್ಲರ ಬಳಿಯೂ ಅದೇ ಹಣ್ಣು ಇದ್ದ ಮೇಲೆ ಬೆಲೆ ಬಿದ್ದುಹೋಯಿತು. 1990ರ ದಶಕದ ಆರಂಭದ ಹೊತ್ತಿಗೆ ನ್ಯೂಜಿಲೆಂಡಿನ ಬೆಳೆಗಾರರು ಸಾಲದಲ್ಲಿ ಮುಳುಗಿದ್ದರು.

ಅವರನ್ನು ಎತ್ತಿ ನಿಲ್ಲಿಸಿದ ಕೆಲಸ ಆಗಲೇ ಸದ್ದಿಲ್ಲದೆ ಶುರುವಾಗಿತ್ತು. 1977 ಮತ್ತು 1981ರಲ್ಲಿ ಚೀನಾದ ಸಸ್ಯೋದ್ಯಾನಗಳಿಂದ ಬಂದ ಬೀಜಗಳಿಂದ ಬೆಳೆಸಿದ ಗಿಡಗಳನ್ನು 1987ರಲ್ಲಿ ವಿಜ್ಞಾನಿಗಳು ಅಡ್ಡತಳಿ ಮಾಡಿದರು. ‘ಹಾರ್ಟ್16ಎ’ ಹುಟ್ಟಿದ್ದು ಅದರಿಂದಲೇ. ಈ ಕೆಲಸದ ಕಷ್ಟ ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ. ಕಿವಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ಬಳ್ಳಿ ಕಾಯಿ ಬಿಡುವುದಿಲ್ಲ, ಅದರಲ್ಲಿ ಎಂಥ ರುಚಿಯ ಗುಣ ಅಡಗಿದೆಯೆಂದು ತಿಂದು ನೋಡಿ ಹೇಳುವಂತಿಲ್ಲ. ಹೋರಿಯ ಗುಣವನ್ನು ಅದರ ಹೆಣ್ಣುಕರುಗಳ ಹಾಲಿನಿಂದ ಅಳೆಯುವ ಹಾಗೆ, ಗಂಡು ಬಳ್ಳಿಯನ್ನು ಅದರ ಹೆಣ್ಣು ಸಂತಾನ ಬಿಟ್ಟ ಹಣ್ಣಿನಿಂದಲೇ ಅಳೆಯಬೇಕು. ಸಸಿ ಫಲ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಆಮೇಲೆ ಆ ಹಣ್ಣನ್ನು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟು, ಹಡಗಿನ ಪ್ರಯಾಣ ತಡೆಯುತ್ತದೆಯೇ ಎಂದು ನೋಡಬೇಕು. ಹೀಗೆ ಸಾವಿರಾರು ಸಸಿಗಳಲ್ಲಿ ಉಳಿಯುವುದು ಒಂದೋ ಎರಡೋ. ಮುಂದಿನ ಚುನಾವಣೆಯೊಳಗೆ ಫಲಿತಾಂಶ ಕೇಳುವ ಯಾವ ಸರ್ಕಾರವೂ ಇಂಥ ಕೆಲಸಕ್ಕೆ ದುಡ್ಡು ಕೊಡಲಾರದು. ನ್ಯೂಜಿಲೆಂಡಿನ ಸರ್ಕಾರಗಳು ಬದಲಾದರೂ ತಳಿ ಕೆಲಸ ನಿಲ್ಲಲಿಲ್ಲ. ಆ ದೇಶದ ನಿಜವಾದ ಸಾಧನೆ ಅದೇ.

ರುಚಿಗೆ ಬೆಲೆ ಕಟ್ಟುವ ವಿಧಾನವೂ ಗಮನಿಸುವಂಥದ್ದು. ಕಿವಿಯನ್ನು ಕೊಯ್ಯುವಾಗ ಅದು ಗಟ್ಟಿಕಾಯಿ, ಅದರೊಳಗಿನ ಪಿಷ್ಟ ಸಕ್ಕರೆಯಾಗುವುದು ಆಮೇಲೆ. ಹಾಗಾಗಿ ಕೊಯ್ಲಿಗೆ ಮುಂಚೆ ಮಾದರಿ ಹಣ್ಣುಗಳನ್ನು ತಂದು, ಪ್ರತಿಯೊಂದರಿಂದ ತೆಳ್ಳನೆಯ ಬಿಲ್ಲೆ ಕತ್ತರಿಸಿ ತೂಗುತ್ತಾರೆ. ಅದನ್ನು ಒಲೆಪೆಟ್ಟಿಗೆಯಲ್ಲಿ ನೀರಿನಂಶ ಹೋಗುವವರೆಗೆ ಒಣಗಿಸಿ ಮತ್ತೆ ತೂಗುತ್ತಾರೆ. ಒಣಗಿದ ಮೇಲೂ ತೂಕ ಹೆಚ್ಚು ಉಳಿದಿದ್ದರೆ ಹಣ್ಣು ಮಾಗಿದಾಗ ಸಿಹಿಯಾಗಿರುತ್ತದೆ. ಬೆಳೆಗಾರರಿಗೆ ಸಿಗುವ ಹಣದಲ್ಲಿ ಒಂದು ಪಾಲು ಈ ಅಂಕಿಯ ಮೇಲೆ ನಿಂತಿದೆ. ತೂಕಕ್ಕಷ್ಟೇ ದುಡ್ಡು ಕೊಟ್ಟರೆ ರೈತರು ನೀರು ಹಾಯಿಸಿ ತೂಕ ಬೆಳೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ರುಚಿಗೆ ದುಡ್ಡು ಕೊಟ್ಟಾಗ ರುಚಿ ಬೆಳೆಯುತ್ತಾರೆ.

ಝೆಸ್ಪ್ರಿ ಕಂಪನಿಯ ಷೇರುದಾರರು ಬೆಳೆಗಾರರೇ. ಗೋಲ್ಡ್3 ಬೆಳೆಯಲು ಪರವಾನಗಿ ಬೇಕು, ಆ ಪರವಾನಗಿ ಹರಾಜಾಗುತ್ತದೆ. 2022ರಲ್ಲಿ ಹೆಕ್ಟೇರಿಗೆ ಸುಮಾರು 8 ಲಕ್ಷ ನ್ಯೂಜಿಲೆಂಡ್ ಡಾಲರಿಗೆ ಬೆಲೆ ಏರಿತ್ತು. ತಳಿಯಿಂದ ಬಂದ ಹಣದಲ್ಲಿ ಒಂದು ಪಾಲು ಮತ್ತೆ ತಳಿ ಸಂಶೋಧನೆಗೇ ಹೋಗುತ್ತದೆ. 2021ರಲ್ಲಿ ಕಂಪನಿ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸೇರಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರ ಕಟ್ಟಿದವು.

ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಇದೆ. ಅಷ್ಟು ಬೆಲೆ ತೆತ್ತು ಪರವಾನಗಿ ಪಡೆಯುವುದು ಸಣ್ಣ ಬೆಳೆಗಾರರ ಕೈಗೆಟಕುವ ಮಾತಲ್ಲ. ಗೋಲ್ಡ್3ರ ಕಡ್ಡಿಗಳು ಚೀನಾ ತಲುಪಿ, ಅಲ್ಲಿ ಸಾವಿರಾರು ಹೆಕ್ಟೇರುಗಳಲ್ಲಿ ಅನುಮತಿಯಿಲ್ಲದೆ ಬೆಳೆಯುತ್ತಿವೆ. ಇದನ್ನು ಕಳವು ಎಂದು ನ್ಯೂಜಿಲೆಂಡ್ ದೂರುತ್ತದೆ, ಕಾನೂನಿನ ಪ್ರಕಾರ ಅದು ಸರಿ. ಆದರೆ ಮೊದಲ ಬೀಜಗಳೇ ಆ ದೇಶದಿಂದ ಬಂದವು, ಅದಕ್ಕೆ ಯಾರೂ ರಾಯಧನ ಕೊಟ್ಟಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಕರ್ನಾಟಕಕ್ಕೆ ಬಂದರೆ ಮಿಡಿಸೌತೆಯ ಉದಾಹರಣೆ ಕಣ್ಣೆದುರಿಗಿದೆ. 1990ರ ದಶಕದಲ್ಲಿ ಒಪ್ಪಂದ ಕೃಷಿಯ ಮೂಲಕ ಬಂದ ಈ ಬೆಳೆ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ ಡ್ರಮ್ಮು, ಬಾಟಲಿಗಳಲ್ಲಿ ಹೊರದೇಶಕ್ಕೆ ಹೋಗುತ್ತದೆ. 2020–21ರಲ್ಲಿ ಭಾರತದ ಮಿಡಿಸೌತೆ ರಫ್ತು 20 ಕೋಟಿ ಅಮೆರಿಕನ್ ಡಾಲರ್ ದಾಟಿತ್ತು. ಬೆರಳುದ್ದದ ಎಳೆ ಕಾಯಿಗೆ ಹೆಚ್ಚು ಬೆಲೆ. ಇವತ್ತು ಕೀಳದಿದ್ದರೆ ನಾಳೆ ಅದು ದಪ್ಪಗಾಗಿ ಕೆಳದರ್ಜೆಗೆ ಇಳಿಯುತ್ತದೆ. ಹಾಗಾಗಿ ದಿನವೂ ಕೊಯ್ಲು, ದಿನವೂ ಬಾಗಿದ ಬೆನ್ನು. ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಕಂಪನಿ ಕೊಡುತ್ತದೆ, ಬೀಜದ ಬಹುಪಾಲು ಹೊರಗಿನ ಹೈಬ್ರಿಡ್. ನಮ್ಮ ರೈತರು ಹಾಕುವುದು ನೆಲ, ನೀರು, ದುಡಿಮೆ. ಸಣ್ಣ ಹಿಡುವಳಿಗೆ ಮೂರು ತಿಂಗಳಲ್ಲಿ ಕೈಗೆ ಕಾಸು ಬರುವ ಬೆಳೆ ಇದು, ಹಗುರಾಗಿ ಮಾತಾಡುವಂತಿಲ್ಲ. ಆದರೂ ಬೆಲೆಯ ಮೇಲೆ ನಮಗೆ ಹಿಡಿತವಿಲ್ಲ. ಇನ್ನೊಂದು ದೇಶ ಇದೇ ಕಾಯಿಯನ್ನು ಅಗ್ಗಕ್ಕೆ ಕೊಟ್ಟ ದಿನ ಖರೀದಿದಾರರು ಅತ್ತ ಹೊರಳುತ್ತಾರೆ.

ನಮ್ಮಲ್ಲಿ ವಿಜ್ಞಾನಿಗಳಿಲ್ಲ ಎನ್ನುವವರು ಹೆಸರಘಟ್ಟಕ್ಕೆ ಹೋಗಿ ಬರಬೇಕು. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ದೇಶದುದ್ದಕ್ಕೂ ಬೆಳೆಯುತ್ತಿವೆ. ಮೂರು ರೋಗಗಳನ್ನು ತಡೆಯುವ ಟೊಮೆಟೊ ತಳಿ ‘ಅರ್ಕಾ ರಕ್ಷಕ್’ ಅಲ್ಲಿಯದೇ. ಕೊರತೆಯಿರುವುದು ಅಲ್ಲಿಂದ ಮುಂದೆ. ತಳಿಯನ್ನು ಸಿಂಗಪುರದ ಅಂಗಡಿಯವರೆಗೆ ಕೊಂಡೊಯ್ದು, ಒಂದೇ ಹೆಸರಿನಲ್ಲಿ ಮಾರಿ, ಬಂದ ಲಾಭದ ಪಾಲನ್ನು ಪ್ರಯೋಗಾಲಯಕ್ಕೆ ಹಿಂತಿರುಗಿಸುವ ಬೆಳೆಗಾರರದೇ ಸಂಸ್ಥೆ ನಮ್ಮಲ್ಲಿ ಗಟ್ಟಿಯಾಗಿ ಬೆಳೆದಿಲ್ಲ.

ಸಿಂಗಪುರದ ಹೆಸರು ಸುಮ್ಮನೆ ಬಂದದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ‘ಬೆಂಗಳೂರು ಗುಲಾಬಿ ಈರುಳ್ಳಿ’ಗೆ ಭೌಗೋಳಿಕ ಸೂಚಿಕೆ ಇದೆ, ಅದಕ್ಕೆ ಗಿರಾಕಿಗಳಿರುವುದೇ ಸಿಂಗಪುರ, ಮಲೇಷ್ಯಾಗಳಲ್ಲಿ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40ರಷ್ಟು ಸುಂಕ ಬಿದ್ದಾಗ ಈ ಪುಟ್ಟ ಗಡ್ಡೆಯೂ ಅದರಡಿ ಸಿಕ್ಕಿಕೊಂಡಿತು. ಇಲ್ಲಿನ ಸಾರಿಗೆ ಹಾಕದ ಈರುಳ್ಳಿಯನ್ನು ತಡೆದರೆ ಇಲ್ಲಿನ ಬೆಲೆ ಇಳಿಯದು ಎಂಬುದು ಒಪ್ಪಿತವಾಗಿ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಇಂಥ ದಿಢೀರ್ ತೀರ್ಮಾನಗಳು ಹತ್ತು ವರ್ಷ ಬೆಳೆಸಿದ ಗಿರಾಕಿಯನ್ನು ಹತ್ತು ದಿನದಲ್ಲಿ ಕಳೆಯಬಲ್ಲವು.

ನ್ಯೂಜಿಲೆಂಡಿನ ಹರಾಜು ಪದ್ಧತಿಯನ್ನು ಇಲ್ಲಿ ನಕಲು ಮಾಡಬೇಕಿಲ್ಲ, ಮಾಡಲೂಬಾರದು. ನಮ್ಮ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ತಾವು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೇ ಬಿಟ್ಟಿದೆ. ಆ ಹಕ್ಕನ್ನು ಮುಟ್ಟದೆಯೇ ರಫ್ತಾಗುವ ಪ್ರತಿ ಕಿಲೋ ಮೇಲೆ ಸಣ್ಣ ಮೊತ್ತವನ್ನು ತಳಿ ಸಂಶೋಧನೆಗೆ ಎತ್ತಿಡಬಹುದು. ಆ ನಿಧಿಯ ಆಡಳಿತದಲ್ಲಿ ಹೆಚ್ಚು ಕುರ್ಚಿಗಳು ಬೆಳೆಗಾರರಿಗೆ ಸಿಗಬೇಕು. ಗುಲಾಬಿ ಈರುಳ್ಳಿಗೆ ಗಿರಾಕಿಗಳಿದ್ದಾರೆ, ಹೆಸರಿದೆ, ಹೆಸರಘಟ್ಟ ಕೂಗಳತೆಯಲ್ಲಿದೆ. ಮೊದಲ ನಿಧಿಯನ್ನು ಅದಕ್ಕೇ ಕಟ್ಟಿ, ಕನಿಷ್ಠ ಹದಿನೈದು ವರ್ಷ ಅದನ್ನು ಯಾರೂ ಮುಟ್ಟದಂತೆ ರಾಜ್ಯ ಸರ್ಕಾರ ನೋಡಿಕೊಳ್ಳಬೇಕು.