ಕೃತಕ ರಕ್ತನಾಳದ ಸೋಂಕೂ ಸ್ಥಳೀಯ ಔಷಧವೂ

1950ರ ದಶಕದಲ್ಲಿ ಹ್ಯೂಸ್ಟನ್ನಿನ ಶಸ್ತ್ರವೈದ್ಯ ಮೈಕೇಲ್ ಡಿಬೇಕಿಯವರು ಡೇಕ್ರಾನ್ ಬಟ್ಟೆಯನ್ನು ಹೊಲಿಗೆಯಂತ್ರದಲ್ಲಿ ಕೊಳವೆಯಾಗಿ ಹೊಲಿದು ಕೆಟ್ಟ ಧಮನಿಯ ಸ್ಥಾನದಲ್ಲಿ ಜೋಡಿಸಿದಂದಿನಿಂದ ಅಸಂಖ್ಯ ಜೀವಗಳು ಉಳಿದಿವೆ; ಆದರೆ ಆ ಪರಕೀಯ ವಸ್ತುವಿಗೆ ಒಮ್ಮೆ ಸೋಂಕು ತಗುಲಿತೆಂದರೆ, ರೋಗಾಣುಗಳು ಅದರ ಮೇಲೆ ಲೋಳೆಯ ಪೊರೆಯೊಂದನ್ನು ನೇಯ್ದುಕೊಂಡು, ರಕ್ತದ ಮೂಲಕ ಬರುವ ಔಷಧ ತಮ್ಮನ್ನು ಸುಲಭವಾಗಿ ಮುಟ್ಟದಂತೆ ಕೋಟೆ ಕಟ್ಟಿಕೊಳ್ಳುತ್ತವೆ.

ನಾಳವನ್ನು ಕಿತ್ತು ಬೇರೊಂದನ್ನಿಡುವುದೇ ರೂಢಿಯ ಮಾರ್ಗವಾದರೂ, ವೃದ್ಧರೂ ದುರ್ಬಲರೂ ಆದವರಿಗೆ ಆ ಮಹಾಶಸ್ತ್ರಕ್ರಿಯೆಯೇ ಪ್ರಾಣಾಂತಿಕವಾಗಬಹುದು. ಇಂಥಲ್ಲಿ ವ್ಯಾಂಕೊಮೈಸಿನ್, ಜೆಂಟಾಮೈಸಿನ್ ಎಂಬ ಪ್ರತಿಜೀವಕಗಳನ್ನು ಬೆರೆಸಿದ ಮಣಿಗಳನ್ನು ಗಾಯದೊಳಗೇ ಇರಿಸುವ, ಇಲ್ಲವೆ ನಾಳವನ್ನು ಬದಲಿಸಲೇಬೇಕಾದಾಗ ರಿಫಾಂಪಿಸಿನ್ ಎಂಬ ಇನ್ನೊಂದು ಪ್ರತಿಜೀವಕದ ದ್ರಾವಣದಲ್ಲಿ ನೆನೆಸಿದ ನಾಳವನ್ನು ಜೋಡಿಸುವ ಕ್ರಮ ಆದರಣೀಯವಾದುದು. ಇಡೀ ಶರೀರ ತಾಳಲಾರದಷ್ಟು ಪ್ರಬಲ ಸಾಂದ್ರತೆಯನ್ನು ಬೇಕಾದೆಡೆಯಲ್ಲಿ ಮಾತ್ರ ಒದಗಿಸುವುದೇ ಇದರ ಹಿರಿಮೆ.

ಹಾಗೆಂದು ಇದನ್ನು ಸಂಜೀವಿನಿಯೆಂದು ಕೊಂಡಾಡುವುದು ವಿವೇಕವಲ್ಲ. ಕೊಳೆತ ಭಾಗವನ್ನು ನಿರ್ದಾಕ್ಷಿಣ್ಯವಾಗಿ ತೆಗೆಯದೆ, ರೋಗಾಣು ಯಾವುದೆಂದು ಪರೀಕ್ಷಿಸದೆ ಮದ್ದು ತುಂಬುವುದು ಹುತ್ತವನ್ನು ಬಡಿದು ಹಾವು ಸತ್ತಿತೆಂದು ನಂಬಿದಂತೆಯೇ ಸರಿ. ಮೇಲಾಗಿ, ರಿಫಾಂಪಿಸಿನ್ನನ್ನು ಒಂಟಿಯಾಗಿ ಬಳಸಿದರೆ ರೋಗಾಣುಗಳು ಬೇಗನೆ ಅದಕ್ಕೆ ಮಣಿಯದಂತಾಗುತ್ತವೆ; ಕ್ಷಯಚಿಕಿತ್ಸೆಗೆ ಅದನ್ನೇ ಆಧಾರಸ್ತಂಭವಾಗಿ ಉಳ್ಳ ನಮ್ಮ ದೇಶ ಈ ಎಚ್ಚರಿಕೆಯನ್ನು ಮರೆಯಲಾಗದು. ತುಲನಾತ್ಮಕ ಪ್ರಯೋಗಗಳು ವಿರಳವಾಗಿರುವ ಈ ಕ್ಷೇತ್ರದಲ್ಲಿ, ಗೆಲುವನ್ನೂ ಸೋಲನ್ನೂ ಒಂದೇ ನಿಷ್ಠೆಯಿಂದ ದಾಖಲಿಸುವುದೇ ವೈದ್ಯರ ಪ್ರಥಮ ಧರ್ಮ.