ಹರದನಹಳ್ಳಿಯ 'ಹ' ಎಲ್ಲಿ ಹೋಯಿತು?

ಕನ್ನಡದ ಹುಡುಗರೇ, ನಿಮ್ಮ ಹೆಸರಿನ ಮುಂದೆ ಕೂತಿರುವ ಆ ಎರಡು ಅಕ್ಷರ ಯಾರದು? ನಿಮ್ಮ ಊರಿನದೇ? ನಿಮ್ಮಪ್ಪನದೇ? ಹೌದು ಅನ್ನುತ್ತೀರಿ. ಹಾಗಿದ್ದರೆ ಅದು ಕನ್ನಡದಲ್ಲೇಕಿಲ್ಲ?

ಪ್ರಿಂಟಿಂಗ್ ಪ್ರೆಸ್ ನಡೆಸುವವನು ನಾನು. ಓದಿದ್ದು ಪಿಯುಸಿ. ಪಾಂಡಿತ್ಯ ನನಗಿಲ್ಲ. ಆದರೆ ಲಗ್ನಪತ್ರಿಕೆ, ಕರಪತ್ರ, ವಿಸಿಟಿಂಗ್ ಕಾರ್ಡು ಅಂತ ದಿನಾ ನೂರಾರು ಹೆಸರು ನನ್ನ ಕೈಮೇಲೆ ಹಾಯುತ್ತವೆ. ಅದರಿಂದ ಹೇಳುತ್ತೇನೆ: ಕನ್ನಡಿಗನ ಹೆಸರಿನ ತಲೆಯ ಮೇಲೆ ಇಂಗ್ಲಿಷು ಕೂತಿದೆ. ನಾವೇ ಹೊತ್ತು ತಿರುಗುತ್ತಿದ್ದೇವೆ!

ಮಾಜಿ ಪ್ರಧಾನಿ ದೇವೇಗೌಡರ ಊರು ಹರದನಹಳ್ಳಿ, ತಂದೆ ದೊಡ್ಡೇಗೌಡರು. ನಾವು ಬರೆಯುವುದು 'ಎಚ್.ಡಿ.' ಎಂದು. 'ಎಚ್' ಎಂಬುದರಲ್ಲಿ ಹರದನಹಳ್ಳಿಯ 'ಹ' ಎಲ್ಲಿದೆ? ಸಂತೇಶಿವರದ ಲಿಂಗಣ್ಣಯ್ಯನವರ ಮಗ ಭೈರಪ್ಪ 'ಎಸ್.ಎಲ್.' ಆದರು. ಸೋಮನಹಳ್ಳಿಯ ಮಲ್ಲಯ್ಯನವರ ಮಗ ಕೃಷ್ಣ 'ಎಸ್.ಎಂ.' ಆದರು. ಸಂತೇಶಿವರಕ್ಕೂ 'ಎಸ್', ಸೋಮನಹಳ್ಳಿಗೂ 'ಎಸ್', ಶಿಕಾರಿಪುರಕ್ಕೂ 'ಎಸ್'. ಕನ್ನಡದಲ್ಲಿ ಸಂ, ಸೋ, ಶಿ ಎಂದು ಮೂರೂ ಬೇರೆಬೇರೆ. ನಮ್ಮ ಒಂದೊಂದು ಅಕ್ಷರದಲ್ಲೂ ವ್ಯಂಜನದ ಜತೆ ಸ್ವರ ಇರುತ್ತದೆ. ಇಂಗ್ಲಿಷಿನ ಒಂಟಿ ಅಕ್ಷರಕ್ಕೆ ಆ ತಾಕತ್ತಿಲ್ಲ.

ಮೊಳೆ ಜೋಡಿಸುವವನ ಲೆಕ್ಕವನ್ನೂ ಕೇಳಿ. 'ಹ.' ಒಂದೇ ಅಕ್ಷರ. 'ಎಚ್.' ಎಂದರೆ ಎರಡು. 'ಡಬ್ಲ್ಯು' ಎಂದು ಹಾಕಬೇಕಾದರೆ ಬೆವರು ಬರುತ್ತದೆ. ಚಿಕ್ಕದಾಗಿ ಬರೆಯಲೆಂದೇ ಇರುವ ಇನಿಷಿಯಲ್ಲನ್ನು ಪರಭಾಷೆಯಲ್ಲಿ ಉದ್ದ ಮಾಡಿ ಬರೆಯುವ ಬುದ್ಧಿವಂತರು ನಾವು!

"ಕನ್ನಡದಲ್ಲಿ ಇನಿಷಿಯಲ್ ಚೆನ್ನಾಗಿ ಕಾಣಲ್ಲ ಸಾರ್" ಎನ್ನುತ್ತಾರೆ ಗಿರಾಕಿಗಳು. ಹೌದೇ? ಅದೇ ಲಗ್ನಪತ್ರಿಕೆಯಲ್ಲಿ ವರನಿಗೆ 'ಚಿ||', ವಧುವಿಗೆ 'ಚಿ||ಸೌ||', ತೀರಿಕೊಂಡ ತಾತನಿಗೆ 'ದಿ||', ವಿಳಾಸಕ್ಕೆ 'ತಾ||', 'ಜಿ||' ಎಂದು ಹಾಕಿಸುತ್ತೀರಿ. ತಾಲ್ಲೂಕಿಗೆ 'ಟಿ||' ಎಂದು ಯಾರಾದರೂ ಹಾಕಿಸಿದ್ದುಂಟೇ? ತಾಲ್ಲೂಕಿಗೆ ಸಿಕ್ಕ ಕನ್ನಡದ ಮರ್ಯಾದೆ ಹೆತ್ತ ತಂದೆಗೆ ಸಿಗಬಾರದೇ?

ದಾರಿ ಹೊಸದೇನಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅನಕೃ ಆದರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ತರಾಸು, ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ತೀನಂಶ್ರೀ. ತಳುಕಿನ 'ತ', ತೀರ್ಥಪುರದ 'ತೀ' ಎರಡೂ ಇಂಗ್ಲಿಷಿನಲ್ಲಿ ಅದೇ 'ಟಿ'! ಡಿವಿಜಿ, ಬಿಎಂಶ್ರೀ ಇಂಗ್ಲಿಷ್ ಅಕ್ಷರ ಬಳಸಲಿಲ್ಲವೇ ಎಂದು ಕೇಳಬಹುದು. ಬಳಸಿದರು. ಅವರ ಹೆಸರು ಹಾಗೇ ನಿಂತಿದೆ, ಅದನ್ನು ತಿದ್ದುವುದು ಬೇಡ. ಆದರೆ ನಿಮ್ಮ ಹೆಸರು ಇನ್ನೂ ನಿಮ್ಮ ಕೈಯಲ್ಲೇ ಇದೆಯಲ್ಲ!

ಊರಿನ ಹೆಸರೆಂದರೆ ಬರೀ ವಿಳಾಸವಲ್ಲ, ವಲಸೆಯ ದಾಖಲೆ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿದ್ದದ್ದು ಹಿರೀಕರು ಬಿಟ್ಟು ಬಂದ ಆಂಧ್ರದ ಮೋಕ್ಷಗುಂಡಂ. 'ಎಂ.' ಎಂದು ಬರೆದರೆ ಆ ಕಥೆಯೇ ಮಾಯ.

ಬಡಗಣ ಕರ್ನಾಟಕದ ಅಡ್ಡಹೆಸರುಗಳ ಕಥೆ ಇನ್ನೊಂದು. ಅಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ಅಂಗಡಿ, ಹೂಗಾರ, ಬಡಿಗೇರ ಎಂಬ ಮನೆತನಗಳಿವೆ. ಬೆಂಗಳೂರಿನ ಕಾಲೇಜಿನಲ್ಲಿ ಈ ಹೆಸರು ಕೇಳಿ ಕಿಸಕ್ಕೆಂದು ನಗುವವರಿದ್ದಾರೆ. ನಗುವವರೇ, ಹನ್ನೆರಡನೇ ಶತಮಾನದ ಶರಣರನ್ನು ನೆನೆಯಿರಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ! ಕಾಯಕ ಮುಂದೆ, ಹೆಸರು ಹಿಂದೆ. ದುಡಿಮೆಯನ್ನು ಹೆಸರಿನಲ್ಲಿ ಹೊತ್ತವರು ನಾಚಲಿಲ್ಲ. ನೀವ್ಯಾಕೆ ನಗುತ್ತೀರಿ?

ಆ ಹೆಸರುಗಳ ಬಾಲವನ್ನೂ ಕತ್ತರಿಸುತ್ತಿದ್ದೇವೆ. ಕಂಬಾರ ಹೋಗಿ 'ಕಂಬಾರ್', ಪಾಟೀಲ ಹೋಗಿ 'ಪಾಟೀಲ್', ಬಡಿಗೇರ ಹೋಗಿ 'ಬಡಿಗೇರ್'. ಇತ್ತ ಗೌಡರನ್ನು ಟಿವಿಯವರು ಎಳೆದು 'ಗೌಡಾ' ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಬರೆದು, ಅದನ್ನು ಮತ್ತೆ ಕನ್ನಡಕ್ಕೆ ತಂದಾಗ ಆಗುವ ಗತಿ ಇದು. ಕೊಡವರನ್ನು ನೋಡಿ ಕಲಿಯಿರಿ. ಒಕ್ಕದ ಹೆಸರು ಅಲ್ಲಿ ಮುಂದೆಯೇ ಇರುತ್ತದೆ: ಕೊಡಂದೇರ, ಚೆಪ್ಪುಡಿರ, ಪಾಂಡಂಡ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಹಾಕಿ ಹಬ್ಬದಲ್ಲಿ ಒಕ್ಕಕ್ಕೊಂದು ತಂಡ. ಮನೆತನದ ಹೆಸರನ್ನು ಮೈದಾನಕ್ಕೇ ಇಳಿಸಿದರು!

ಈಗ ಕಂಪ್ಯೂಟರ್ ಫಾರಂ ಬಂತು. 'ಲಾಸ್ಟ್ ನೇಮ್' ಕೊಡು ಎನ್ನುತ್ತದೆ. ನಮ್ಮ ಹುಡುಗ ಅಪ್ಪನ ಅಕ್ಷರವನ್ನು ಹಿಂದಕ್ಕೆ ತಳ್ಳಿ 'ಮಂಜುನಾಥ್ ಎಸ್' ಆಗುತ್ತಾನೆ. ಪರದೇಶದವನು ಅವನನ್ನು 'ಮಿಸ್ಟರ್ ಎಸ್' ಎನ್ನುತ್ತಾನೆ. ಇನ್ನು ಒಂದೇ ಹೆಸರಿನವರ ಪಾಡೋ! 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಬರಬೇಡಿ ಎಂದಿತು. ಆಮೇಲೆ ಅದೇ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದಿತು. ನೋಡಿದಿರಾ, ನಾವು ಒಂದಕ್ಷರಕ್ಕೆ ಇಳಿಸಿದ ಅಪ್ಪನ ಹೆಸರೇ ಗಡಿಯಲ್ಲಿ ಕೈ ಹಿಡಿಯಿತು!

ಹಾಗಾದರೆ ಮಾಡುವುದೇನು? ಜಾತಿಯ ಬಾಲ ಅಂಟಿಸಿಕೊಳ್ಳಿ ಎನ್ನುತ್ತಿಲ್ಲ. ಜಾತಿ ಹೇಳದೆಯೇ ಊರು, ಹೆತ್ತವರು, ತಾನು ಎಂದು ಮೂರನ್ನೂ ಹೇಳುವ ಹಳೇ ಮೈಸೂರಿನ ಕ್ರಮವೇ ಸಾಕು. ಅಪ್ಪನ ಜಾಗದಲ್ಲಿ ಅಮ್ಮನ ಅಕ್ಷರ ಇಡುತ್ತೀರೋ, ಇಡಿ. ಮದುವೆಯಾದ ಹೆಣ್ಣುಮಗಳು ಹೆಸರು ಬದಲಿಸಲೇಬೇಕೆಂಬ ಕಾನೂನೂ ಈ ದೇಶದಲ್ಲಿಲ್ಲ, ತವರಿನ ಊರು ಅವಳ ಹೆಸರಿನಲ್ಲೇ ಇರಲಿ. ಪಾಸ್‌ಪೋರ್ಟ್ ಫಾರಂ ಇನಿಷಿಯಲ್ ಒಪ್ಪುವುದಿಲ್ಲ. ಅಲ್ಲಿ ಊರನ್ನೂ ಅಪ್ಪನನ್ನೂ ಪೂರ್ತಿ ಬರೆಯಿರಿ.

ಇಂಗ್ಲಿಷ್ ದಾಖಲೆ ಇಂಗ್ಲಿಷಿನಲ್ಲೇ ಇರಲಿ, ಅದನ್ನು ತಿದ್ದಲು ಕಚೇರಿ ಅಲೆಯಬೇಡಿ. ಕನ್ನಡದಲ್ಲಿ ಬರೆಯುವಾಗ ಮಾತ್ರ ಪೂರಾ ಕನ್ನಡ. ಮನೆ ಬಾಗಿಲಿನ ಫಲಕ, ಅಂಗಡಿಯ ಬೋರ್ಡು, ಲಗ್ನಪತ್ರಿಕೆ, ಸಂಘದ ರಸೀತಿ, ನಿಮ್ಮ ಸಹಿ, ಇವಿಷ್ಟು ನಿಮ್ಮವು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಬೋರ್ಡು ಕನ್ನಡದಲ್ಲಿರಲಿ ಎಂದು ಅಂಗಡಿಯವನನ್ನು ಕೇಳಲು ಹೋಗುವ ಮುನ್ನ ನಿಮ್ಮ ಜೇಬಿನ ವಿಸಿಟಿಂಗ್ ಕಾರ್ಡು ತೆಗೆದು ನೋಡಿ. ಅಲ್ಲಿ 'ಎಚ್' ಇದ್ದರೆ ಮೊದಲು ಅದನ್ನು ಹೊಡೆದುಹಾಕಿ 'ಹ' ಬರೆಯಿರಿ. ಆಮೇಲೆ ಅಂಗಡಿಯವನನ್ನು ಕೇಳೋಣ!